ಹಿಟ್ಟು ರುಬ್ಬಿರಬೇಕು: ಫ್ರೆಂಚಿನ ಪಾಸ್ಟ್ ಸಬ್ಜಂಕ್ಟಿವ್ ಹಿಡಿಯೋದು ಹೇಗೆ?

ಪ್ರಶ್ನೆ: ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿದ್ದೇನೆ, ಊರು ಕಾರ್ಕಳ ಕಡೆ. ಆಫೀಸಿಗೆ ಹೋಗಿಬರುವ ಲೋಕಲ್‌ನಲ್ಲೇ ಫ್ರೆಂಚ್ ಓದುತ್ತೇನೆ. ಡೆಲ್ಫ್ ಬಿ2 ಅನ್ನೋ ಫ್ರೆಂಚ್ ಭಾಷೆಯ ಪರೀಕ್ಷೆ ಕಟ್ಟುವ ಆಸೆ ಇದೆ. ಪಾಸ್ಟ್ ಸಬ್ಜಂಕ್ಟಿವ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಒಂದು ಪುಸ್ತಕದಲ್ಲಿ ‘ಕ ಝೆ ಪಾರ್ಲೇ’ ಅಂತಿದೆ, ಇನ್ನೊಂದರಲ್ಲಿ ‘ಕ ಝ ಪಾರ್ಲಾಸ್’ ಅಂತಿದೆ. ಯಾವುದು ಸರಿ? ಪ್ರತಿ ಕ್ರಿಯಾಪದಕ್ಕೂ ಬೇರೆ ಬೇರೆ ಟೇಬಲ್ ಬಾಯಿಪಾಠ ಮಾಡಬೇಕಾ? ನಾನೇ ಬರೆದ ಮೂರು ವಾಕ್ಯ ಕಳಿಸಿದ್ದೇನೆ, ತಿದ್ದಿಕೊಡಿ.

ಉತ್ತರ: ನಿಮ್ಮ ಮೂರು ವಾಕ್ಯ ಕೊನೆಗೆ ತಿದ್ದುತ್ತೇನೆ. ಮೂರೂ ತಪ್ಪು, ಆದರೆ ಒಂದೊಂದೂ ಒಂದೊಂದು ಬಗೆಯ ತಪ್ಪು. ಅದಕ್ಕೇ ನಿಮ್ಮ ಪತ್ರ ನನಗೆ ಇಷ್ಟವಾಯಿತು.

ಸಬ್ಜಂಕ್ಟಿವ್ ಅಂದರೆ ಬೇಕು, ಖುಷಿ, ಬೇಸರ, ಸಾಧ್ಯತೆ ಇಂಥ ಮಾತಿನ ಜೊತೆ ಬರುವ ಕ್ರಿಯಾಪದದ ರೂಪ. ಮೊದಲು ಬಾಯಿಪಾಠದ ಚಿಂತೆ ಬಿಡಿ. ಇಲ್ಲಿ ಹೊಸ ಟೇಬಲ್ ಅಂತ ಯಾವುದೂ ಇಲ್ಲ. ಬೇಕಾದ್ದು ಆವ್ವಾರ್, ಎತ್ರ್ ಅನ್ನೋ ಎರಡು ಸಹಾಯಕ ಕ್ರಿಯಾಪದಗಳ ಹನ್ನೆರಡು ರೂಪ, ಅದರಲ್ಲೂ ಒಂದರ ಸ್ಪೆಲ್ಲಿಂಗ್ ಎರಡು ಸಲ ಬರುತ್ತದೆ, ಹಾಗಾಗಿ ಹನ್ನೊಂದೇ. ಪ್ರೆಸೆಂಟ್ ಸಬ್ಜಂಕ್ಟಿವ್ ಕಲಿಯುವಾಗ ಅವನ್ನೂ ನೀವು ಆಗಲೇ ಕಲಿತಿದ್ದೀರಿ. ಇನ್ನೊಂದು ತುಂಡು ಪಾರ್ಟಿಸಿಪಲ್, ಅಂದರೆ ಮುಗಿದ ಕೆಲಸ ತೋರಿಸುವ ರೂಪ. ಅದು ಪಾಸೇ ಕೊಂಪೋಜ಼ೇ ಅನ್ನೋ ಭೂತಕಾಲ ಕಲಿತಾಗಲೇ ಕೈಗೆ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೆಲಸ ಮುಗಿಯಿತು. ಕಷ್ಟ ಇರೋದು ಎಲ್ಲಿ ಹಾಕಬೇಕು ಅನ್ನೋದರಲ್ಲಿ. ಅದಕ್ಕೆ ನಮ್ಮ ಕನ್ನಡವೇ ಸಹಾಯಕ್ಕೆ ಬರುತ್ತದೆ. ಆಶ್ಚರ್ಯ ಅನ್ನಿಸಬಹುದು, ಆದರೆ ನಿಜ.

ನನ್ನ ಸೋದರಮಾವನದು ಮಾಟುಂಗಾದಲ್ಲಿ ಒಂದು ಪುಟ್ಟ ಹೋಟೆಲ್ ಇತ್ತು. ರಜೆಯಲ್ಲಿ ನಾನು ಅಲ್ಲೇ ಗಲ್ಲಾಪೆಟ್ಟಿಗೆ ಪಕ್ಕ ಬಿದ್ದುಕೊಂಡಿರುತ್ತಿದ್ದೆ. ರಾತ್ರಿ ಶಟರ್ ಎಳೆಯುವ ಮುಂಚೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಉಸಿರಲ್ಲಿ ಹೇಳುತ್ತಿದ್ದರು: ‘ಮಲಗೋಕೆ ಮುಂಚೆ ಹಿಟ್ಟು ರುಬ್ಬಿರಬೇಕು. ಐದು ಗಂಟೆಗೆ ಸಾಂಬಾರ್ ಆಗಿರಬೇಕು. ನಾನು ಬರೋ ಹೊತ್ತಿಗೆ ಟೇಬಲ್ ಒರೆಸಿರಬೇಕು.’ ‘ರುಬ್ಬಬೇಕು’ ಅಂತ ಅವರು ಹೇಳುತ್ತಿರಲಿಲ್ಲ. ರುಬ್ಬಬೇಕು ಅಂದರೆ ಕೆಲಸ ಇನ್ನೂ ಬಾಕಿ. ರುಬ್ಬಿರಬೇಕು ಅಂದರೆ ಆ ಹೊತ್ತಿಗೆ ಕೆಲಸ ಮುಗಿದಿರಬೇಕು. ನಡುವಿನ ಆ ಪುಟ್ಟ ‘ಇರ’ ಇದೆಯಲ್ಲ, ಅದೇ ನಿಮ್ಮ ಪಾಸ್ಟ್ ಸಬ್ಜಂಕ್ಟಿವ್.

ಬಿಡಿಸಿ ನೋಡಿ. ರುಬ್ಬಿ, ಇರ, ಬೇಕು. ‘ರುಬ್ಬಿ’ ಮುಗಿದ ಕೆಲಸವನ್ನು ತೋರಿಸುತ್ತದೆ. ‘ಇರ’ ಸಹಾಯಕ್ಕೆ ಬಂದ ಕ್ರಿಯಾಪದ. ‘ಬೇಕು’ ಹೇಳುವವರ ಮನಸ್ಸು. ಫ್ರೆಂಚಿನಲ್ಲೂ ಇದೇ ಮೂರು ತುಂಡು, ಕ್ರಮ ಮಾತ್ರ ತಿರುಗುಮುರುಗು: ‘ಇಲ್ ಫೋ ಕ’ ಅಂದರೆ ಬೇಕು, ಆಮೇಲೆ ಸಹಾಯಕ ಕ್ರಿಯಾಪದದ ಸಬ್ಜಂಕ್ಟಿವ್ ರೂಪ, ಕೊನೆಗೆ ಪಾರ್ಟಿಸಿಪಲ್. ‘ನೀನು ಮುಗಿಸಬೇಕು’ ಅನ್ನೋದು ‘ಇಲ್ ಫೋ ಕ ತ್ಯು ಫಿನೀಸ್’. ‘ನೀನು ಮುಗಿಸಿರಬೇಕು’ ಅನ್ನೋದು ‘ಇಲ್ ಫೋ ಕ ತ್ಯು ಎ ಫಿನಿ’. ಮೊದಲನೆಯದು ಪ್ರೆಸೆಂಟ್, ಎರಡನೆಯದು ಪಾಸ್ಟ್. ಹೆಸರು ಪಾಸ್ಟ್ ಆದರೂ ಮಾವನ ಐದು ಗಂಟೆ ಬರೋದು ನಾಳೆ ಬೆಳಿಗ್ಗೆ ಅನ್ನೋದನ್ನು ಗಮನಿಸಿ. ಇದು ನಿನ್ನೆಯ ಲೆಕ್ಕ ಅಲ್ಲ. ಇನ್ನೊಂದು ಕ್ಷಣಕ್ಕಿಂತ ಮುಂಚೆ ಮುಗಿದಿದೆಯಾ ಅನ್ನೋದಷ್ಟೇ ಲೆಕ್ಕ.

ಈಗ ನಿಮ್ಮ ‘ಪಾರ್ಲೇ’ಗೆ ಬರೋಣ. ಮಾತಾಡು ಅನ್ನೋ ಕ್ರಿಯಾಪದ. ಮುಂಬೈಯವರಿಗೆ ಈ ಪದ ಮರೆಯೋದೇ ಇಲ್ಲ, ವಿಲೆ ಪಾರ್ಲೆ ಸ್ಟೇಷನ್ ದಿನಾ ಕಣ್ಣೆದುರು ಇರುತ್ತದೆ. ಬಿಸ್ಕತ್ತಿನ ಪಾರ್ಲೆಗೂ ಹೆಸರು ಬಂದದ್ದು ಆ ಊರಿಂದಲೇ. ಮೂಲ ರೂಪವೂ ಕಿವಿಗೆ ಪಾರ್ಲೇ, ಪಾರ್ಟಿಸಿಪಲ್ಲೂ ಕಿವಿಗೆ ಪಾರ್ಲೇ. ಬರವಣಿಗೆಯಲ್ಲಿ ಮಾತ್ರ ವ್ಯತ್ಯಾಸ: ಮೂಲ ರೂಪದ ಕೊನೆಗೆ ಇ, ಆರ್. ಪಾರ್ಟಿಸಿಪಲ್‌ನಲ್ಲಿ ಆರ್ ಹೋಗಿ ಇ ಅಕ್ಷರದ ತಲೆಮೇಲೆ ಒಂದು ಓರೆ ಗೆರೆ. ಫ್ರೆಂಚ್ ಉಚ್ಚಾರಣೆ ಕನ್ನಡ ಲಿಪಿಯಲ್ಲಿ ಪೂರ್ತಿ ಹಿಡಿಸೋದಿಲ್ಲ, ಹತ್ತಿರ ಹತ್ತಿರ ಬರೆಯುತ್ತೇನೆ. ಒಂದು ಸಮಾಧಾನ: ಫ್ರೆಂಚರ ‘ತ’ ಮತ್ತು ‘ದ’ ನಮ್ಮ ಹಾಗೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನ ಟ, ಡ ಅಲ್ಲಿಗೆ ತರಬೇಡಿ.

ನಾನು: ಕ ಝೆ ಪಾರ್ಲೇ
ನೀನು: ಕ ತ್ಯು ಎ ಪಾರ್ಲೇ
ಅವನು, ಅವಳು: ಕಿಲೆ ಪಾರ್ಲೇ, ಕೆಲೆ ಪಾರ್ಲೇ
ನಾವು: ಕ ನೂಜ಼ೆಯೋಂ ಪಾರ್ಲೇ
ನೀವು: ಕ ವೂಜ಼ೆಯೇ ಪಾರ್ಲೇ
ಅವರು: ಕಿಲ್‌ಜ಼ೆ ಪಾರ್ಲೇ, ಕೆಲ್‌ಜ಼ೆ ಪಾರ್ಲೇ

ಪಾರ್ಲೇ ಅಲ್ಲಾಡಲೇ ಇಲ್ಲ, ನೋಡಿದಿರಾ? ಬದಲಾಗಿದ್ದೆಲ್ಲ ‘ಆವ್ವಾರ್’ ಅನ್ನೋ ಸಹಾಯಕ ಕ್ರಿಯಾಪದ. ಕಿವಿಗೆ ಅದು ಮೂರೇ ಬಗೆ: ಎ, ಎಯೋಂ, ಎಯೇ. ಕೈಯಲ್ಲಿ ಬರೆಯುವಾಗ ಮಾತ್ರ ಆರು ಬಗೆ, ಪರೀಕ್ಷೆಯಲ್ಲಿ ಮಾರ್ಕು ಸೋರಿಹೋಗೋದು ಅಲ್ಲೇ. ನಾನು ಅಂದಾಗ ಎ, ಐ, ಇ. ನೀನು ಅಂದಾಗ ಅದಕ್ಕೆ ಎಸ್ ಸೇರುತ್ತದೆ. ಅವನು ಅಂದಾಗ ಕೊನೆಯ ಇ ಹಾರಿಹೋಗಿ ಟಿ ಬರುತ್ತದೆ: ಎ, ಐ, ಟಿ. ಅವರು ಅಂದಾಗ ಎ, ಐ, ಇ, ಎನ್, ಟಿ. ನಾವು, ನೀವು ಎರಡರಲ್ಲೂ ಐ ಜಾಗಕ್ಕೆ ವೈ: ಎ, ವೈ, ಓ, ಎನ್, ಎಸ್ ಮತ್ತು ಎ, ವೈ, ಇ, ಜ಼ೆಡ್.

ಈ ವೈ ಆದಮೇಲೆ ಒಂದು ಐ ತುರುಕುವ ಚಟ ನಮ್ಮವರಿಗೆ ಜಾಸ್ತಿ. ನನ್ನ ಹತ್ತಿರ ಬರುವ ಹತ್ತು ನೋಟ್‌ಬುಕ್ಕಿನಲ್ಲಿ ಏಳೆಂಟರಲ್ಲಿ ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತೇನೆ. ತಪ್ಪಿಗೆ ಕಾರಣವೂ ಇದೆ. ಬೇರೆ ಕ್ರಿಯಾಪದಗಳ ಸಬ್ಜಂಕ್ಟಿವ್‌ನಲ್ಲಿ ನಾವು, ನೀವು ರೂಪಕ್ಕೆ ಐ ಬೇಕೇ ಬೇಕು. ಆ ಅಭ್ಯಾಸ ಕೈಗೆ ಅಂಟಿರುತ್ತದೆ. ಆವ್ವಾರ್, ಎತ್ರ್ ಇವೆರಡಕ್ಕೆ ಮಾತ್ರ ಬೇಡ.

ಪಾರ್ಲೇ ಜಾಗಕ್ಕೆ ಬೇರೆ ಯಾವ ಪಾರ್ಟಿಸಿಪಲ್ ಇಟ್ಟರೂ ಮುಂದಿನ ಭಾಗ ಇದೇ. ಮೂಲ ರೂಪದ ಕೊನೆ ಇ, ಆರ್ ಆಗಿದ್ದರೆ ಪಾರ್ಲೇ ಥರ. ಫ್ರೆಂಚಿನ ಕ್ರಿಯಾಪದಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಈ ಜಾತಿಯವೇ. ‘ಫಿನೀರ್’ ಥರದವು ಕೊನೆಯ ಆರ್ ಕಳೆದುಕೊಂಡು ‘ಫಿನಿ’ ಆಗುತ್ತವೆ. ‘ಆತಾಂದ್ರ್’, ಅಂದರೆ ಕಾಯು, ಅಂಥವು ‘ಆತಾಂದ್ಯು’ ಆಗುತ್ತವೆ. ಅಷ್ಟೇ, ಮುಂದೆ ಹೋಗೋಣ.

ಐರೋಲಿಯಲ್ಲಿ ಫ್ರಾನ್ಸಿನ ಗಿರಾಕಿಗಳಿಗೆ ಮೇಲ್ ಬರೆಯುವ ಕೆಲಸದ ಹುಡುಗಿಯೊಬ್ಬಳು ನನ್ನ ಹತ್ತಿರ ಕಲಿಯುತ್ತಿದ್ದಳು. ರಾತ್ರಿ ಪಾಳಿ. ದಿನಕ್ಕೆ ಇಪ್ಪತ್ತು ಸಲ ಬರೆಯುವ ವಾಕ್ಯ: ‘ನೀವು ಕಾಯಬೇಕಾಗಿ ಬಂದದ್ದಕ್ಕೆ ಬೇಸರವಿದೆ’. ಅವಳು ಬರೆಯುತ್ತಿದ್ದದ್ದು ‘ನೂ ಸೊಮ್ ದೇಜ಼ೋಲೇ ಕ ವೂಜ಼ಾವೇ ಆತಾಂದ್ಯು’. ‘ದೇಜ಼ೋಲೇ ಕ’ ಬಂದಮೇಲೆ ಸಬ್ಜಂಕ್ಟಿವ್ ಬೇಕು, ಆದ್ದರಿಂದ ‘ವೂಜ಼ೆಯೇ ಆತಾಂದ್ಯು’. ವ್ಯತ್ಯಾಸ ಅಂದರೆ ನಡುವಿನ ಒಂದು ತುಣುಕು, ‘ಆವೇ’ ಹೋಗಿ ‘ಎಯೇ’. ‘ಸರ್, ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?’ ಅಂದಳು. ನಿಜ, ಗಿರಾಕಿಗೆ ಅರ್ಥ ಆಗುತ್ತದೆ. ಆದರೆ ‘ನೀವು ಬಂದ್ರಿ ಖುಷಿ ಆಯ್ತು’ ಅಂತ ಯಾರಾದರೂ ಕನ್ನಡದಲ್ಲಿ ಬರೆದರೆ ನಮಗೆ ಹೇಗೆ ಕೇಳಿಸುತ್ತದೋ ಅವರಿಗೂ ಹಾಗೇ ಕೇಳಿಸುತ್ತದೆ. ‘ಬಂದದ್ದು’ ಅನ್ನಬೇಕು ಅಂತ ನಮಗೆ ಯಾರೂ ಕಲಿಸಿಲ್ಲ, ಆದರೂ ಕಿವಿ ಕೇಳುತ್ತದೆ.

ಇದು ಕನ್ನಡ ಕೊಡುವ ಎರಡನೇ ಸುಳಿವು. ಖುಷಿ, ಬೇಸರ, ಆಶ್ಚರ್ಯ, ಹೆದರಿಕೆ ಇಂಥ ಮಾತು ಬಂದಾಗ ನಾವು ‘ದ್ದು’ ಹಾಕುತ್ತೇವೆ: ನೀನು ಮಾತಾಡಿದ್ದು ಖುಷಿ. ಅಲ್ಲಿ ಫ್ರೆಂಚಿನಲ್ಲಿ ಪಾಸ್ಟ್ ಸಬ್ಜಂಕ್ಟಿವ್. ನೀನು ಮಾತಾಡೋದು ಖುಷಿ ಅಂದರೆ ಪ್ರೆಸೆಂಟ್. ಸಾಧ್ಯತೆಯ ಮಾತಿಗೆ ಮತ್ತೆ ‘ಇರ’ ಬರುತ್ತದೆ: ಅವನು ಮಾತಾಡಬಹುದು, ಅವನು ಮಾತಾಡಿರಬಹುದು. ಎರಡನೆಯದು ‘ಇಲೆ ಪೊಸೀಬ್ಲ್ ಕಿಲೆ ಪಾರ್ಲೇ’. ‘ಆದರೂ’ ಅನ್ನುವ ‘ಬಿಯೆಂ ಕ’ ಬಂದರೂ ಅಷ್ಟೇ. ಮಾತಾಡಿದ್ದರೂ, ಮುಗಿಸಿದ್ದರೂ ಅನ್ನುವಲ್ಲೆಲ್ಲ ‘ಇರು’ ಅಡಗಿ ಕೂತಿದೆ.

ಒಂದು ಕಡೆ ಮಾತ್ರ ಈ ಉಪಾಯ ಸೋರುತ್ತದೆ, ಮುಚ್ಚಿಡೋದಿಲ್ಲ. ಕನ್ನಡದ ‘ಬಂದಿರಬೇಕು’ಗೆ ಎರಡು ಅರ್ಥ. ‘ಐದಕ್ಕೆ ಬಂದಿರಬೇಕು’ ಅನ್ನೋದು ಅಪ್ಪಣೆ. ‘ಬಾಗಿಲಲ್ಲಿ ಚಪ್ಪಲಿ ಇದೆ, ಅಣ್ಣ ಬಂದಿರಬೇಕು’ ಅನ್ನೋದು ಊಹೆ. ಊಹೆಗೆ ಫ್ರೆಂಚಿನಲ್ಲಿ ‘ಇಲ್ ಫೋ ಕ’ ಬಳಸಬೇಡಿ. ಅದಕ್ಕೆ ‘ದೆವ್ವಾರ್’ ಅನ್ನೋ ಬೇರೆ ಕ್ರಿಯಾಪದ ಇದೆ, ಸಬ್ಜಂಕ್ಟಿವ್ ಬೇಕಾಗಿಯೇ ಇಲ್ಲ.

ಇನ್ನು ಎತ್ರ್ ಕಡೆಗೆ. ಬರು, ಹೋಗು, ಏರು, ಇಳಿ, ಬೀಳು, ಉಳಿ ಇಂಥ ಹದಿನೈದರಷ್ಟು ಕ್ರಿಯಾಪದ ಪಾಸೇ ಕೊಂಪೋಜ಼ೇಯಲ್ಲಿ ಎತ್ರ್ ಹಿಡಿದುಕೊಂಡು ಬರುತ್ತವೆ. ಇಲ್ಲೂ ಅದನ್ನೇ ಹಿಡಿಯುತ್ತವೆ. ‘ಸ’ ಅಂಟಿಸಿಕೊಂಡು ಬರುವ ರಿಫ್ಲೆಕ್ಸಿವ್ ಕ್ರಿಯಾಪದಗಳದ್ದೂ ಇದೇ ಕಥೆ. ರೂಪ ಸುಲಭ: ಸ್ವಾ, ಸ್ವಾ, ಸ್ವಾ, ಸ್ವಾಯೋಂ, ಸ್ವಾಯೇ, ಸ್ವಾ. ಲೋಕಲ್ ಲೇಟಾಗಿ ಬಂದಿದ್ದರೂ ಅನ್ನೋಕೆ ‘ಬಿಯೆಂ ಕ ಲ ತ್ರೆಂ ಸ್ವಾ ಆರಿವೇ ಆಂ ರತಾರ್’. ಈ ವಾಕ್ಯ ನಿಮಗೆ ವಾರಕ್ಕೆ ನಾಲ್ಕು ಸಲವಾದರೂ ಬೇಕಾಗಬಹುದು.

ಎತ್ರ್ ಬಂದರೆ ಪಾರ್ಟಿಸಿಪಲ್ ಸುಮ್ನೆ ಕೂರೋದಿಲ್ಲ. ಬಂದವಳು ಹೆಂಗಸಾದರೆ ಕೊನೆಗೆ ಒಂದು ಇ, ಬಂದವರು ಒಬ್ಬರಿಗಿಂತ ಹೆಚ್ಚಾದರೆ ಒಂದು ಎಸ್. ಬೆಂಗಳೂರಿನಲ್ಲಿ ಕಲಿಯುವವರಿಗೆ ಇದನ್ನು ವಿವರಿಸೋದು ಸ್ವಲ್ಪ ಕಷ್ಟ. ನಮ್ಮ ಮುಂಬೈ ಕನ್ನಡಿಗರಿಗೆ ಮರಾಠಿ ಗೊತ್ತಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ‘ತೋ ಆಲಾ ಅಸಾವಾ’, ‘ತೀ ಆಲೀ ಅಸಾವೀ’. ಅವನು ಬಂದಿರಬಹುದು, ಅವಳು ಬಂದಿರಬಹುದು. ಆಲಾ, ಆಲೀ ಅಂತ ಬದಲಾಗುವ ಹಾಗೆಯೇ ಫ್ರೆಂಚಿನ ಆರಿವೇ ಕೂಡ ಬದಲಾಗುತ್ತದೆ. ಮರಾಠಿಯಲ್ಲಿ ಕಿವಿಗೆ ಕೇಳುತ್ತದೆ, ಫ್ರೆಂಚಿನಲ್ಲಿ ಕಾಗದದ ಮೇಲೆ ಮಾತ್ರ ಕಾಣುತ್ತದೆ.

ಮರಾಠಿ ಇನ್ನೂ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ‘ಮೀ ಆಂಬಾ ಖಾಲ್ಲಾ’, ‘ಮೀ ಪೋಳೀ ಖಾಲ್ಲೀ’. ತಿಂದವರು ನಾವೇ, ಆದರೆ ಕ್ರಿಯಾಪದ ತಿಂದದ್ದರ ಮಾತು ಕೇಳುತ್ತದೆ. ಆವ್ವಾರ್ ಜೊತೆಗಿನ ಪಾರ್ಟಿಸಿಪಲ್ ಕೂಡ ಹಾಗೇ ವಸ್ತುವಿನ ಕಡೆ ವಾಲುತ್ತದೆ, ಆದರೆ ಒಂದು ಷರತ್ತು: ಆ ವಸ್ತು ವಾಕ್ಯದಲ್ಲಿ ಕ್ರಿಯಾಪದಕ್ಕಿಂತ ಮುಂಚೆ ಬಂದಿರಬೇಕು. ‘ನಾನು ತಿಂದ ಸೂಪುಗಳಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿದೆ’ ಅನ್ನೋಕೆ ‘ಸೆ ಲ ಮೆಯೋರ್ ಸೂಪ್ ಕ ಝೆ ಮಾಂಝೇ’. ಅತ್ಯುತ್ತಮ ಅನ್ನೋ ಮಾತು ಬಂದದ್ದರಿಂದ ಸಬ್ಜಂಕ್ಟಿವ್. ಸೂಪ್ ಸ್ತ್ರೀಲಿಂಗ, ಅದು ಮುಂಚೆ ಬಂದಿದೆ, ಹಾಗಾಗಿ ಮಾಂಝೇ ಕೊನೆಗೆ ಇನ್ನೊಂದು ಇ. ಬಾಯಲ್ಲಿ ಹೇಳುವಾಗ ಯಾರಿಗೂ ಗೊತ್ತಾಗೋದಿಲ್ಲ. ತಿದ್ದುವವರು ಮಾತ್ರ ಅಲ್ಲೇ ಕಣ್ಣಿಟ್ಟಿರುತ್ತಾರೆ.

ಈಗ ಪಾರ್ಲಾಸ್. ನಿಮ್ಮ ಎರಡನೇ ಪುಸ್ತಕವೂ ಸುಳ್ಳು ಹೇಳಿಲ್ಲ, ಆದರೆ ಅದು ಬೇರೆ ಪ್ರಾಣಿ. ಅದು ಇಂಪರ್ಫೆಕ್ಟ್ ಸಬ್ಜಂಕ್ಟಿವ್. ಕೆಲವು ಇಂಗ್ಲಿಷ್ ಪುಸ್ತಕಗಳು ಎರಡಕ್ಕೂ ಪಾಸ್ಟ್ ಅಂತ ಹೆಸರಿಟ್ಟು ಗೊಂದಲ ಮಾಡುತ್ತವೆ. ಫ್ರೆಂಚ್ ಹೆಸರು ನೋಡಿ: ‘ಸ್ಯುಬ್‌ಝೋಂಕ್ತಿಫ್ ಪಾಸೇ’ ಅಂದರೆ ನಮ್ಮ ಝೆ ಪಾರ್ಲೇ, ‘ಎಂಪಾರ್ಫೆ’ ಅಂದರೆ ಪಾರ್ಲಾಸ್. ‘ಝ್ಯೂಸ್ ಪಾರ್ಲೇ’ ಅಂತ ಎಲ್ಲಾದರೂ ಕಂಡರೆ ಅದು ಪ್ಲೂಪರ್ಫೆಕ್ಟ್, ಅದೂ ಬೇರೆ. ಇವೆರಡು ಈಗ ಹಳೇ ಸಾಹಿತ್ಯದಲ್ಲಿ ಮತ್ತು ತೀರಾ ಗಂಭೀರ ಬರವಣಿಗೆಯಲ್ಲಿ ಮಾತ್ರ. ಅಲ್ಲೂ ಹೆಚ್ಚಾಗಿ ಸಿಗೋದು ಅವನು, ಅವಳು ರೂಪವೇ. ‘ನಾವು ಪಾರ್ಲಾಸ್ಯೋಂ’ ಅಂತ ಯಾರಾದರೂ ಮಾತಲ್ಲಿ ಹೇಳಿದರೆ ಫ್ರೆಂಚರೇ ನಗುತ್ತಾರೆ. ಆ ‘ಆಸ್’ ಅನ್ನೋ ಬಾಲ ಅವರ ಕಿವಿಗೆ ಸ್ವಲ್ಪ ಅಸಹ್ಯ, ಯಾಕೆಂದರೆ ಬೈಗುಳದ ಧಾಟಿಯ ಪದಗಳಲ್ಲೂ ಅದೇ ಬಾಲ ಬರುತ್ತದೆ. 1976ರಲ್ಲಿ ಫ್ರಾನ್ಸಿನ ಶಿಕ್ಷಣ ಇಲಾಖೆಯೇ ಒಂದು ಆದೇಶ ಹೊರಡಿಸಿ, ಎಂಪಾರ್ಫೆ ಬರಬೇಕಾದ ಕಡೆ ಪ್ರೆಸೆಂಟ್ ಸಬ್ಜಂಕ್ಟಿವ್ ಬರೆದರೆ ಪರೀಕ್ಷೆಯಲ್ಲಿ ತಪ್ಪು ಅನ್ನಬಾರದು ಅಂತ ಹೇಳಿತು. ನಾನು ಕಲಿಯುವ ಕಾಲಕ್ಕೆ ಆ ಸುದ್ದಿ ನಮ್ಮ ಕ್ಲಾಸಿಗೆ ಇನ್ನೂ ತಲುಪಿರಲಿಲ್ಲ. ಪಾರ್ಲಾಸ್ ಟೇಬಲನ್ನು ಐವತ್ತು ಸಲ ಬರೆಸಿದರು. ಇವತ್ತಿನವರೆಗೆ ಒಂದು ಸಲವೂ ಅದನ್ನು ಬಾಯಲ್ಲಿ ಬಳಸಿಲ್ಲ. ಕಂಡರೆ ಗುರುತು ಹಿಡಿಯಿರಿ, ಸಾಕು.

ಪರೀಕ್ಷೆ ಅಂದಿರಿ. ಡೆಲ್ಫ್ ಬಿ2ನಲ್ಲಿ ನೂರಕ್ಕೆ 50 ಬಂದರೆ ಪಾಸ್. ನಾಲ್ಕು ಭಾಗ, ಒಂದೊಂದಕ್ಕೆ 25, ಯಾವುದರಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಬರವಣಿಗೆಯಲ್ಲಿ ಸುಮಾರು 250 ಪದದ ಪತ್ರ ಅಥವಾ ಅಭಿಪ್ರಾಯ ಕೇಳುತ್ತಾರೆ. ಅದರಲ್ಲಿ ಪಾಸ್ಟ್ ಸಬ್ಜಂಕ್ಟಿವ್ ಒಂದೋ ಎರಡೋ ಕಡೆ ಸರಿಯಾಗಿ ಕೂತರೆ ಸಾಕು. ಪ್ರತಿ ಸಾಲಿಗೂ ಒಗ್ಗರಣೆ ಹಾಕಿದರೆ ಅದು ಬೇರೆಯವರ ಬಾಯಿಯ ಮಾತಿನಂತೆ ಕೇಳುತ್ತದೆ.

ಸರಿ, ನಿಮ್ಮ ಮೂರು ವಾಕ್ಯ.

ಮೊದಲನೆಯದು ‘ನನ್ನ ಅಕ್ಕ ಮಾತಾಡಿದ್ದು ನನಗೆ ಖುಷಿ’. ನೀವು ಬರೆದದ್ದು ‘ಝ ಸ್ವಿ ಕೋಂತಾಂತ್ ಕ ಮ ಸೋರ್ ಆ ಪಾರ್ಲೇ’. ಖುಷಿ ಬಂತು, ‘ದ್ದು’ ಬಂತು. ಹಾಗಾಗಿ ‘ಆ’ ತೆಗೆದು ‘ಎ’ ಹಾಕಿ: ‘ಕ ಮ ಸೋರ್ ಎ ಪಾರ್ಲೇ’. ಸ್ಪೆಲ್ಲಿಂಗ್ ಎ, ಐ, ಟಿ. ಅಕ್ಕ ಹೆಂಗಸು ಅಂತ ಪಾರ್ಲೇ ಕೊನೆಗೆ ಇ ಸೇರಿಸಿದ್ದೀರಿ, ಅದನ್ನು ಹೊಡೆದುಹಾಕಿ. ಇಲ್ಲಿ ಇರೋದು ಆವ್ವಾರ್, ಎತ್ರ್ ಅಲ್ಲ.

ಎರಡನೆಯದು ‘ನೀವು ಮುಗಿಸಿದ್ದೀರಿ ಅಂತ ಆಶಿಸುತ್ತೇನೆ’ ಅನ್ನೋ ಅರ್ಥದ ‘ಝೆಸ್ಪೇರ್ ಕ ವೂಜ಼ೆಯೇ ಫಿನಿ’. ಇಲ್ಲಿ ಸಬ್ಜಂಕ್ಟಿವ್ ಜಾಸ್ತಿಯಾಯಿತು. ‘ಎಸ್ಪೇರೇ’, ಅಂದರೆ ಆಶಿಸು, ಭಾವನೆಯ ಪದದ ಹಾಗೆ ಕಂಡರೂ ಫ್ರೆಂಚಿನಲ್ಲಿ ಮಾಮೂಲಿ ರೂಪವನ್ನೇ ಕೇಳುತ್ತದೆ: ‘ಝೆಸ್ಪೇರ್ ಕ ವೂಜ಼ಾವೇ ಫಿನಿ’. ಇದೇ ಗುಂಪಿಗೆ ಇನ್ನೆರಡು ಸೇರಿಸಿಕೊಳ್ಳಿ. ‘ಇಲೆ ಪ್ರೊಬಾಬ್ಲ್ ಕ’, ಅಂದರೆ ಬಹುತೇಕ ಖಚಿತ ಅನ್ನುವಾಗ ಸಬ್ಜಂಕ್ಟಿವ್ ಬೇಡ. ‘ಆಪ್ರೆ ಕ’, ಅಂದರೆ ಆದಮೇಲೆ, ಅದಕ್ಕೂ ವ್ಯಾಕರಣದ ಪ್ರಕಾರ ಬೇಡ. ಫ್ರೆಂಚರೇ ಎಷ್ಟೋ ಜನ ಆಪ್ರೆ ಕ ಆದಮೇಲೆ ಸಬ್ಜಂಕ್ಟಿವ್ ಹಾಕಿ ಮಾತಾಡುತ್ತಾರೆ, ಫ್ರೆಂಚ್ ಅಕಾಡೆಮಿ ಅದನ್ನು ಒಪ್ಪೋದಿಲ್ಲ. ಮಾತಲ್ಲಿ ಕೇಳಿಸಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಮೂರನೆಯದು ‘ನಾನು ಕಾಯಲಿಲ್ಲ ಅಂತ ಬೇಸರ’. ನೀವು ಬರೆದದ್ದು ‘ಝ ರಗ್ರೆತ್ ಕ ಝ ನೆ ಪಾ ಆತಾಂದ್ಯು’. ರೂಪ ಪಕ್ಕಾ ಸರಿ. ಇಲ್ಲ ಅನ್ನೋ ‘ಪಾ’ ಸಹಾಯಕ ಕ್ರಿಯಾಪದಕ್ಕೂ ಪಾರ್ಟಿಸಿಪಲ್‌ಗೂ ನಡುವೆ ಬರಬೇಕು, ಅದೂ ಸರಿ ಕೂತಿದೆ. ಆದರೆ ಬೇಸರ ನಿಮ್ಮದು, ಕಾಯದೇ ಹೋದದ್ದೂ ನೀವೇ. ಎರಡೂ ಕಡೆ ಒಬ್ಬರೇ ಇದ್ದರೆ ಇಲ್ಲಿ ‘ಕ’ ಬೇಡ, ಸಬ್ಜಂಕ್ಟಿವ್ವೂ ಬೇಡ, ಮೂಲ ರೂಪ ಸಾಕು: ‘ಝ ರಗ್ರೆತ್ ದ ನ ಪಾಜ಼ಾವ್ವಾರ್ ಆತಾಂದ್ಯು’. ಈಗ ‘ನ’, ‘ಪಾ’ ಎರಡೂ ಒಟ್ಟಿಗೆ ಮುಂದೆ ಬಂದು ನಿಂತಿವೆ ನೋಡಿ. ಅದೇ ಕಾಯದೇ ಹೋದದ್ದು ನಿಮ್ಮ ಅಕ್ಕ ಆಗಿದ್ದರೆ ನಿಮ್ಮ ಸಬ್ಜಂಕ್ಟಿವ್ ಬರಬೇಕಿತ್ತು: ‘ಝ ರಗ್ರೆತ್ ಕ ಮ ಸೋರ್ ನೆ ಪಾ ಆತಾಂದ್ಯು’.